ಉಭಯ ಕುಶಲೋಪರಿ

ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದೆ
ನನ್ನ ಜಗಲಿ. ಸಂಜೆ ಆರರ ಮೇಲೆ
ಏಳೆಂಟು ಜೋಡಿ ಚಪ್ಪಲಿ, ಎಲ್ಲಕ್ಕೂ ಮರಳು.
ಬಂದರು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ
ಟೈಪು ಕುಟ್ಟಿದವಳಿಗೆ ಇಂಗ್ಲಿಷು ಬರುತ್ತದೆಂದು
ಕೇರಿಯೇ ತೀರ್ಮಾನಿಸಿದೆ.
ನನಗೆ ಬರುವುದು ಇಂಗ್ಲಿಷಲ್ಲ, ಕಾಗದ.
ಎಲ್ಲಿ ಅಲ್ಪವಿರಾಮ, ಎಲ್ಲಿ ಸರ್, ಎಷ್ಟು ಬಗ್ಗಬೇಕು,
ಬಗ್ಗಿದ ಮೇಲೆ ಸಹಿಗೆ ಎಷ್ಟು ಜಾಗ ಬಿಡಬೇಕು.

ಇವತ್ತಿನ ಹೋಮ್‌ವರ್ಕು ಎರಡು.
ಹಿಮದ ಮೇಲೊಂದು ಪದ್ಯ: ಸಾರಾಂಶ, ಹತ್ತು ಸಾಲು.
ಆಮೇಲೆ ಗೆಳೆಯನಿಗೆ ಪತ್ರ:
ರಜೆ ಹೇಗೆ ಕಳೆದೆ?

ಗೈಡಿನಲ್ಲಿ ಉತ್ತರವಿದೆ. ಗೈಡಿನ ಹುಡುಗ
ಅಪ್ಪ ಅಮ್ಮನ ಜೊತೆ ಊಟಿಗೆ ಹೋಗುತ್ತಾನೆ,
ಕುದುರೆ ಹತ್ತುತ್ತಾನೆ, ಹೂ ಕಂಡು ಬೆರಗಾಗುತ್ತಾನೆ.
ಕಳೆದ ವರ್ಷ ಇವರ ಇಡೀ ತರಗತಿ ಊಟಿಗೆ ಹೋಗಿತ್ತು:
ನಲವತ್ತೊಂದು ಮಂದಿ, ಒಂದೇ ಕುದುರೆ.

ಉಲ್ಲಾಸ ತಾಂಡೇಲ ಪೆನ್ಸಿಲು ಕಚ್ಚುತ್ತಾನೆ.
"ಅಕ್ಕೋರೆ, ಐಸು ಹೊತ್ತೆ ಅಂತ ಬರದ್ರೆ ಮಾರ್ಕು ಹೋಗ್ತದಾ?"
"ಬರೆ," ಅಂದೆ. "ಮೊದಲು ಪದ್ಯ ಮುಗಿಸುವಾ."

ಹಿಮ ನಾನು ಕಂಡದ್ದು ಕ್ಯಾಲೆಂಡರಿನಲ್ಲಿ.
ಬಿಳಿ, ಮೌನ, ಶಾಂತಿ, ಎಂದೆ. ಬರೆದುಕೊಂಡರು.
ಇವನು ಬರೆಯಲಿಲ್ಲ.
"ಮೌನ ಎಂತದು? ಕ್ರಷರಿಗೆ ಹಾಕಿದ್ರೆ ಕಿವಿ ಹರೀತದೆ.
ಬಿಳಿ ಇರೂದು ಮೇಲೆ ಮಾತ್ರ. ಬಂಗಡೆ ಮೇಲೆ ಸುರುದ್ರೆ
ಅರ್ಧ ತಾಸಿಗೆ ಗುಲಾಬಿ.
ಕೈ ಮೊದಲು ಉರೀತದೆ, ಆಮೇಲೆ ಕೈಯೇ ಇಲ್ಲ."
ಸುನೇತ್ರಾ ದುರ್ಗೇಕರ ನಕ್ಕಳು. ನಾನು
ಪದ್ಯದ ನಾಲ್ಕನೇ ಸಾಲನ್ನು ಮತ್ತೆ ಓದಿದೆ.
ಪ್ರತಿ ವರ್ಷ ಓದಿಸುವ ಸಾಲು. ಬೆರಳು ಜುಮ್ಮೆಂದಿತು.

ಪತ್ರಕ್ಕೆ ಬಂದೆವು. ಬಲಗಡೆ ವಿಳಾಸ, ಕೆಳಗೆ ತಾರೀಖು.
ಡಿಯರ್ ಅಂದರೆ ಪ್ರಿಯ.
"ಆಫೀಸಿನವರಿಗೂ ಡಿಯರಾ?"
ಅವರಿಗೂ. ಉತ್ತರ ಕೊಡದವರಿಗೆ ಇನ್ನೂ ಹೆಚ್ಚು.
ಐ ಆಮ್ ಫೈನ್ ಹಿಯರ್, ಹೋಪ್ ಯು ಆರ್ ಆಲ್ಸೊ...
"ಇದನ್ನೇ ನಮ್ಮಜ್ಜ ಉಭಯ ಕುಶಲೋಪರಿ ಅಂತ ಬರೀತಿದ್ದ."
ಏಳೆಂಟು ಮುಖ ಒಟ್ಟಿಗೆ ಖಾಲಿಯಾದವು.
ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪಟ್ಟಿಯಲ್ಲಿ ಇಂಗ್ಲಿಷು,
ಸಾಲದ್ದಕ್ಕೆ ನಾನು ಸಂಸ್ಕೃತವನ್ನೂ ತಂದು ಹೇರಿದೆ.
"ನೀನೂ ಅರಾಮ, ನಾನೂ ಅರಾಮ, ಮುಂದಿನ ಮಾತು ಕೇಳು.
ಅಷ್ಟೇ ಮಾರಾಯ್ರೆ."
"ಅರಾಮ ಇಲ್ದಿದ್ರೆ?" ಸುನೇತ್ರಾ.
"ಇಲ್ದಿದ್ರೂ ಹಾಗೇ ಬರೆಯೂದು."

ದಕ್ಕೆಯ ದೀಪ ಉರಿಯುತ್ತಿಲ್ಲವೆಂದು
ಹತ್ತೊಂಬತ್ತು ಕಾಗದ ಟೈಪು ಮಾಡಿದ್ದೆ ಒಂದು ಕಾಲಕ್ಕೆ,
ಹತ್ತೊಂಬತ್ತರಲ್ಲೂ ಯುವರ್ಸ್ ಫೇತ್‌ಫುಲಿ.
ಇಪ್ಪತ್ತನೆಯದಕ್ಕೆ ರಿಬ್ಬನ್ನು ಮುಗಿದಿತ್ತು.

ಎಂಟೂವರೆಗೆ ಉಲ್ಲಾಸ ಪಟ್ಟಿ ಚಾಚಿದ.
ರಜೆಯೆಲ್ಲ ಐಸು ಹೊತ್ತನಂತೆ. ಒಂದು ದಿನ ಕರೆಂಟು ಹೋಗಿ
ಐಸು ನೀರಾಯಿತಂತೆ, ಮಾಲಕ ತಲೆ ಹಿಡಿದು ಕೂತನಂತೆ,
ಹುಡುಗರು ಅದೇ ನೀರಲ್ಲಿ ಮಿಂದರಂತೆ.
ವಿ ವಾಸ್ ಲಾಫಿಂಗ್. ವಿ ವಾಸ್ ಶಿವರಿಂಗ್.
ಆರು ಕಡೆ ವಾಸ್, ಆರನ್ನೂ ತಿದ್ದಿದೆ.
ಕೊನೆಯಲ್ಲಿ ದುಂಡಗೆ, ಎರಡು ಗೆರೆ ಎಳೆದು:
ಯುವರ್ಸ್ ಫಿಶ್‌ಫುಲಿ,
ಉಲ್ಲಾಸ.

ಗೆಳೆಯನಿಗಾದರೆ ಲವಿಂಗ್ಲಿ ಅನ್ನಬೇಕು. ಅದೊಂದು ತಪ್ಪು.
ಇನ್ನೊಂದಕ್ಕೆ ಕೆಂಪು ಪೆನ್ನಿನ ಮುಚ್ಚಳ ತೆಗೆದೆ.

ಅಷ್ಟರಲ್ಲಿ ಹಿತ್ತಲಾಚೆ ಕ್ರಷರು ಗರಗರ ಶುರು.
"ಬೋಟು ಬಂತು," ಅಂದ, ಕಿವಿ ಅತ್ತ ಕೊಟ್ಟು,
"ಬಂಗಡೆ. ಬಾಳ ಉಂಟು."
ಸದ್ದು ಕೇಳಿಯೇ ಸಾರಾಂಶ ಹೇಳಿ
ಚಪ್ಪಲಿ ಕಾಲಿಗೆ ಸಿಗುವ ಮೊದಲೇ ಓಡಿದ.

ಪಟ್ಟಿ ನನ್ನ ತೊಡೆಯ ಮೇಲಿದೆ,
ಪೆನ್ನಿನ ತುದಿ ಒಣಗುತ್ತಿದೆ.
ಗೆಳೆಯನ ಹೆಸರು ಬರೆಯಲು ಮರೆತಿದ್ದಾನೆ, ಈಗ ನೋಡಿದೆ:
ಡಿಯರ್, ಆಮೇಲೆ ಅಲ್ಪವಿರಾಮ, ಆಮೇಲೆ
ಅವನು ಅರಾಮ.