ಹೊಸ್ತಿಲ ಅಳತೆ

ತಲಪಾಡಿಯಿಂದ ಈಚೆ, ಗಡಿಕಲ್ಲಿಗೆ ನೂರು ಮಾರು ದೂರ,
ಹೈವೇ ಅಗಲ ಮಾಡುವವರ ಜಲ್ಲಿರಾಶಿಯ ಬದಿಯಲ್ಲಿ
ಸೊಂಟ ಮುರಿದು ಬಿದ್ದಿದ್ದಳು ಬೊಳ್ಳಿ.
ಹೊಡೆದ ಗಾಡಿಯ ನಂಬರು ಯಾವ ರಾಜ್ಯದ್ದೆಂದು
ಚಾ ಅಂಗಡಿಯಲ್ಲಿ ಚರ್ಚೆ ನಡೆದಿತ್ತು.
ನಾನೊಂದು ಗೋಣಿ ಕೇಳಿದೆ.

ಮೂರು ತಿಂಗಳು ನಮ್ಮ ಮೃಗಾಸ್ಪತ್ರೆಯ ಹಿಂದಿನ ಕೋಣೆ.
ಬಂದವರು ಕರೆದರು: ಬಲಾ, ವಾ, ಯೋ, ಬಾರೇ.
ಎಲ್ಲ ಕರೆಗೂ ಬಂದಳು,
ಮುಂದಿನೆರಡು ಕಾಲಲ್ಲಿ ಉಳಿದರ್ಧವನ್ನು ಎಳೆಯುತ್ತ,
ಸಂಜೆಯ ಕೊನೆಯ ಕೊಡ ಸೇದುವವಳ ಹಾಗೆ.

ಡಾಕ್ಟರು ಹೇಳಿದರು: ಜೀವಕ್ಕೇನೂ ಮೋಸವಿಲ್ಲ,
ಮೂತ್ರ ಮಾತ್ರ ತಾನಾಗಿ ಬರುವುದಿಲ್ಲ.
ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ರಾತ್ರಿ ಮಲಗುವ ಮುಂಚೆ
ಹೊಟ್ಟೆಯಡಿ ಎರಡೂ ಕೈಯಿಟ್ಟು ಮೆಲ್ಲ ಒತ್ತಬೇಕು,
ಬಪ್ಪಂಗಾಯಿ ಹಣ್ಣಾಗಿದೆಯೋ ನೋಡುವಷ್ಟೇ.
ಇದನ್ನು ಫೋನಿನಲ್ಲಿ ಹೇಳುವಾಗಲೆಲ್ಲ
ಆಚೆ ಕಡೆ ಸಿಗ್ನಲ್ ಹೋಗುತ್ತಿತ್ತು.

ಬಂದವರೂ ಇದ್ದರು.
ಉಪ್ಪಳದವರದ್ದು ಮೂರನೇ ಮಾಳಿಗೆ.
ಪೈವಳಿಕೆಯವರು, "ಐದೆಕ್ರೆ ಜಾಗ ಉಂಟು,
ಬೇಕಾದಷ್ಟು ಓಡಾಡಲಿ" ಎಂದರು.
ಅಂಗಳ ತುಂಬ ಮುರಕಲ್ಲ ಹರಳು.
ಓಡಾಡುವ ಮಾತನ್ನು ನಾನು ತಿದ್ದಲಿಲ್ಲ.
ಕುಂಬಳೆಯ ಮೇಷ್ಟ್ರು ಒಳ್ಳೆಯವರು, ನೆಲವೂ ನುಣ್ಣಗೆ.
ಒಯ್ದರು. ಒಂಬತ್ತನೇ ದಿನ ತಂದುಬಿಟ್ಟರು
ಹೊಸ ಟವೆಲಿನಲ್ಲಿ ಸುತ್ತಿ.
"ನಮ್ಮಿಂದಾಗ್ಲಿಕ್ಕಿಲ್ಲ ಸಿಸ್ಟರ್" ಎನ್ನುವಾಗ
ಕಣ್ಣಲ್ಲಿ ನೀರಿತ್ತು. ನಾನು ಬೈಯಲಿಲ್ಲ.
ಟವೆಲು ಇಟ್ಟುಕೊಂಡೆ.

ಆಮೇಲೆ ಮನೆಗಳನ್ನು ನೋಡತೊಡಗಿದೆ ಮೊಣಕಾಲೆತ್ತರದಿಂದ.
ಮುಖ ನೋಡಿದರೆ ಏನು ಗೊತ್ತಾಗುತ್ತದೆ?
ಎಷ್ಟು ಮೆಟ್ಟಿಲು, ಎಂಥ ನೆಲ, ನೆಲ ಒರೆಸುವ ಬಟ್ಟೆ ಎಲ್ಲಿ,
ಮತ್ತೆ ಈ ಹೊಸ್ತಿಲು:
ಅರಸಿನ ಬಳಿದದ್ದು, ಹಿತ್ತಾಳೆ ಪಟ್ಟಿ ಹೊಡೆದದ್ದು,
ಗೆದ್ದಲು ತಿಂದರೂ ಬಿಡದೆ ನಿಂತದ್ದು.
ಹೊಸಂಗಡಿಯಿಂದ ಬಾಯಾರಿನವರೆಗೆ ಇಷ್ಟೊಂದು ಹೊಸ್ತಿಲುಗಳು
ಇವೆಯೆಂದು, ಐವತ್ತೊಂದು ವರ್ಷ ದಾಟುತ್ತಲೇ ಬಂದ
ನನಗೆ ತಿಳಿದಿರಲಿಲ್ಲ.

ಟೈಲರ್ ವಾರಿಜ ಬಂದದ್ದು ಆಡಿನ ಕಿವಿಗೆ ಮುಲಾಮು ಕೇಳಲು.
ಯಾವ ಜಾತಿ ಎಂದು ಕೇಳಲಿಲ್ಲ, ಬೊಗಳುತ್ತದಾ ಎಂದೂ ಇಲ್ಲ.
ಕೊರಳ ಟೇಪು ತೆಗೆದು ಕುಕ್ಕರಗಾಲಲ್ಲಿ ಕೂತು
ಬೊಳ್ಳಿಯ ಸುತ್ತಳತೆ ಹಿಡಿದಳು.
"ಇಪ್ಪತ್ತೆರಡೂವರೆ. ಎಡಬದಿ ಹೆಚ್ಚು ಉಜ್ಜುತ್ತದಲ್ಲ,
ಅಲ್ಲಿಗೆ ಡಬ್ಬಲ್ ಬಟ್ಟೆ ಕೊಡಬೇಕು."
ಆಮೇಲೆ, "ಒತ್ತುವುದು ತೋರಿಸಿ."
ಮೊದಲ ಸಲ ಬೊಳ್ಳಿ ಗುರ್ರೆಂದಳು.
ಮೂರನೆಯ ಸಲ ವಾರಿಜಳ ಪಾದ ಒದ್ದೆಯಾಯಿತು.
ಇಬ್ಬರೂ ನಕ್ಕೆವು, ಪರೀಕ್ಷೆ ಪಾಸಾದವರಂತೆ.

ವರ್ಕಾಡಿಯ ಅವಳ ಮನೆಯಲ್ಲಿ ಎಲ್ಲ ಸರಿಯಿತ್ತು.
ಸವೆದು ಕನ್ನಡಿಯಾದ ಕೆಂಪು ನೆಲ,
ಮಿಷನ್ನಿನಡಿ ತುಂಡುಬಟ್ಟೆಯ ಮೆತ್ತನೆ ಗುಡ್ಡೆ.
ಆದರೆ ಬಾಗಿಲಲ್ಲಿ ಹಲಸಿನ ಹೊಸ್ತಿಲು, ಆರು ಬೆರಳೆತ್ತರ,
ಅತ್ತೆಯ ಅತ್ತೆಯ ಕಾಲದ್ದು.
ಬೊಳ್ಳಿ ಅದರ ಮೇಲೆ ಗಲ್ಲವಿಟ್ಟಳು,
ಒಳಗೆ ನೋಡಿದಳು, ಅಷ್ಟೇ.
ಬೇಡ ವಾರಿಜ, ಎಂದೆ.
ಗೋಣಿಯಲ್ಲಿ ಎತ್ತಿಕೊಂಡು ರಿಕ್ಷಾ ಹತ್ತಿದೆ.

ಮೂರನೇ ದಿನ ಫೋನು: "ಕರ್ಕೊಂಡು ಬನ್ನಿ."
ಹೋದರೆ, ಹೊಸ್ತಿಲ ನಡುವೆ
ಹದಿನೆಂಟು ಇಂಚು ಗರಗಸದಲ್ಲಿ ಕೊಯ್ದಿದ್ದಾಳೆ.
ಅಂಚು ಉಜ್ಜಿ ಮೇಣದಬತ್ತಿ ಸವರಿದ್ದಾಳೆ.
ಉಳಿದೆರಡು ತುಂಡಿಗೆ ಹಿಂದಿನಂತೆಯೇ ಅರಸಿನ, ಕುಂಕುಮ.
ಜಗಲಿಯಲ್ಲಿ ಅತ್ತೆ ಗೋಡೆಗೆ ಮುಖಮಾಡಿ ಕೂತಿದ್ದರು.
ಬೇಲಿಯಾಚೆಯಿಂದ ಯಾರೋ, "ಲಕ್ಷ್ಮಿ ಹೊರಟುಹೋಗ್ತಾಳೆ ನೋಡು."
ವಾರಿಜ ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆಯೇ,
"ಎಡವದೆ ಬರಲಿಕ್ಕೂ ಆಗ್ತದಲ್ಲ ಅವಳಿಗೆ."

ಬೊಳ್ಳಿ ನುಸುಳಿ ಒಳಗೆ ಹೋದಳು.
ತಿರುಗಿ ನೋಡುತ್ತಾಳೆಂದು ನಿಂತಿದ್ದೆ.
ಬಸ್ಸು ತಪ್ಪಿತು.

ಈಗಲೂ ಆರಕ್ಕೆ ಎಚ್ಚರವಾಗುತ್ತದೆ,
ಹೊದಿಕೆಯ ಮಡಿಕೆಯನ್ನು ಒತ್ತುತ್ತವೆ ಕೈಗಳು ತಮ್ಮಷ್ಟಕ್ಕೆ.
ನಿನ್ನೆ ಕೇಳಿದೆ: ಒತ್ತಿದಿರಾ?
"ಆಯ್ತು ಸಿಸ್ಟರ್. ಅತ್ತೆಯೇ ಒತ್ತಿದರು.
ನನ್ನ ಹತ್ತಿರ ಮಾತಿಲ್ಲ ಇನ್ನೂ."