ಜನವರಿ ಒಂದು

ನನ್ನ ಕೆಲಸ ಇಷ್ಟೇ: ಹೆಸರು, ಊರು, ವಯಸ್ಸು.
ಸುಡಾನಿನಿಂದ ಚಾಡ್‌ಗೆ ದಾಟುವ ಒಣಹಳ್ಳದ ಈಚೆ ದಡದಲ್ಲಿ
ಮಡಚುವ ಮೇಜು, ಒಂದು ತಗಡಿನ ನೆರಳು.

ಹುಟ್ಟಿದ ದಿನ ಗೊತ್ತಿಲ್ಲದವರಿಗೆ
ಜನವರಿ ಒಂದು ಅಂತ ಹಾಕಬೇಕು. ಅದು ನಿಯಮ.
ಹೀಗೆ ಮೂರು ತಿಂಗಳಲ್ಲಿ ನನ್ನ ಕೈಯಿಂದ
ನಾಲ್ಕು ಸಾವಿರ ಮಕ್ಕಳು
ಒಂದೇ ಬೆಳಗ್ಗೆ ಹುಟ್ಟಿದ್ದಾರೆ.
ಯಾವ ಸೂಲಗಿತ್ತಿಗೂ ಇಲ್ಲದ ಕೈಗುಣ.
(ನನ್ನದೂ ಅದೇ ದಿನ. ಆಗಿನ ಗಲಾಟೆಯಲ್ಲಿ ದಾಟಿದವನು.)

ಕಲ್ತೂಮಾ ಬಂದಳು. ಬೆನ್ನಿಗೆ ಕಟ್ಟಿಕೊಂಡ ಕೂಸು
ಅವಳ ಮನೆಯದಲ್ಲ. ದಾರಿಯಲ್ಲಿ ಯಾರೋ
"ಒಂದು ಗಳಿಗೆ ಹಿಡಿದುಕೋ" ಅಂದದ್ದು.
ಆ ಗಳಿಗೆ ಇನ್ನೂ ಮುಗಿದಿಲ್ಲ.

ವಯಸ್ಸು?
"ಹಳ್ಳ ಬಂದು ನಮ್ಮ ಮಾವಿನ ಮರ ಕೊಚ್ಚಿಕೊಂಡು ಹೋಯಿತಲ್ಲ,
ಆ ಮಳೆಗಾಲಕ್ಕೆ ನನ್ನ ಮೊದಲ ಹಲ್ಲು ಬಿತ್ತು."
ಯಾವ ವರ್ಷ ಅದು?
"ಸಜ್ಜೆ ಚೆನ್ನಾಗಿ ಬಂದಿತ್ತು."
ಬರೆದೆ: ಒಂಬತ್ತು.

ಕೂಸಿಗೆ?
ಅದರ ಅಂಗಾಲು ತಿರುಗಿಸಿ ತೋರಿಸಿದಳು,
ನೆಲ ಕಾಣದ, ಬೆಣ್ಣೆಯಂಥ ಅಂಗಾಲು.
"ಇನ್ನೂ ನಡೆದಿಲ್ಲ. ಹಾಗಂತ ಬರೆದುಕೋ.
ಹೆಸರು ಅವರಮ್ಮ ಬಂದು ಹೇಳುತ್ತಾಳೆ, ಜಾಗ ಬಿಡು."

ಜಾಗ ಬಿಟ್ಟರೆ ಯಂತ್ರ ಒಪ್ಪುವುದಿಲ್ಲ
ಅಂತ ಹೇಗೆ ಹೇಳಲಿ.

"ನನ್ನ ತಮ್ಮನನ್ನೂ ಬರೆ. ಅಬ್ಕರ್. ಹಿಂದೆ ಬರುತ್ತಿದ್ದಾನೆ.
ಅವನ ನಡಿಗೆ ನಿಧಾನ.
ಕಾಲಲ್ಲಿರುವುದು ಅಪ್ಪನ ಚಪ್ಪಲಿ."

ಇಲ್ಲಿ ನೀರಿನ ಸಾಲಿನಲ್ಲಿ ಜನಕ್ಕಿಂತ ಮೊದಲು
ಕಲ್ಲುಗಳು ನಿಲ್ಲುತ್ತವೆ. ತಲೆಗೊಂದು ಕಲ್ಲು,
ರಾತ್ರಿಯೇ ಇಟ್ಟು ಮಲಗುತ್ತಾರೆ.
ಕಲ್ತೂಮಾ ಮೂರು ಇಟ್ಟಳು:
ತನ್ನದು, ಕೂಸಿನದು,
ಸ್ವಲ್ಪ ಹಿಂದೆ, ಬೇಕೆಂದೇ ಹಿಂದೆ, ಇನ್ನೊಂದು.

ಸಾಲಿನ ಹೆಂಗಸರು ಸಾಮಾನ್ಯರಲ್ಲ,
ಅರ್ಧ ಡಬ್ಬ ನೀರಿಗೆ ಜಡೆಗೆ ಜಡೆ ಹಿಡಿದವರು.
ಬೆಳಗ್ಗೆ ಆ ಕಲ್ಲಿನ ಸರದಿ ಬಂದಾಗ
ಅದರ ಹಿಂದಿದ್ದ ಮುದುಕಿ
ಡಬ್ಬ ಕೆಳಗಿಟ್ಟು ನಿಂತಳು.
ಒಂದು ಡಬ್ಬ ತುಂಬುವಷ್ಟು ಹೊತ್ತು
ನಲ್ಲಿಯ ತಿರುಪನ್ನು ಯಾರೂ ಮುಟ್ಟಲಿಲ್ಲ.
ಎಲ್ಲೋ ಒಂದು ಕತ್ತೆ ಅರಚಿತು, ಅಷ್ಟೇ.

ಆಮೇಲೆ ಹುಡುಗಿ ಕಲ್ಲನ್ನೆತ್ತಿ, ಮಣ್ಣು ಒರೆಸಿ,
ಸಾಲಿನ ತುದಿಗೆ ನಡೆದು
ನಾಳೆಗೆ ಇಟ್ಟು ಬಂದಳು.

ನನ್ನ ಮೇಜಿನ ಮೇಲೆ ಅರ್ಜಿ ಹಾಗೇ ತೆರೆದಿದೆ.
ಹೆಸರು: ಅಬ್ಕರ್.
ಹುಟ್ಟಿದ್ದು: ಜನವರಿ ಒಂದು.
ಬಂದು ತಲುಪಿದ ದಿನ:
ಅಲ್ಲೇ ಮಿನುಗುತ್ತ
ನಿಂತಿದೆ ಒಂದು ಗೆರೆ.