ನೀಲಿ ಇಳಿಸುವವನು

ಗಾಜಿನ ಒಳಮೈಗೆ ಮತ್ತೆ ಕೂದಲು ಬಂದಿದೆ.
ಹಸಿರು, ನವಿರು, ನೀರು ತೂಗಿದತ್ತ ಬಾಚಿಕೊಳ್ಳುವ ಕೂದಲು.
ಕಲ್ಲಿನ ಮೇಲೆ, ಪಂಪಿನ ಮೂತಿಯ ಮೇಲೆ,
ಸತ್ತ ಹವಳದ ಬೆರಳಸಂದಿಯಲ್ಲಿ.

ಕೌಲ್ ಬಜಾರಿನ ಈ ಎರಡು ಕೋಣೆಗೆ
ಸಮುದ್ರ ಬಂದದ್ದು ಡಬ್ಬಿಯಲ್ಲಿ, ಉಪ್ಪಿನ ಪುಡಿಯಾಗಿ.
ಬಕೆಟ್ಟಿನಲ್ಲಿ ಕಲಸಿ, ಒಂದು ರಾತ್ರಿ ತಿರುಗಿಸಿ ಸುರಿದೆ.
ಎರಡು ಕಿತ್ತಳೆ ಮೀನು ಬಂದವು ಚೆನ್ನೈ ಬಸ್ಸಿನ ಡಿಕ್ಕಿಯಲ್ಲಿ,
ಥರ್ಮಾಕೋಲ್ ಪೆಟ್ಟಿಗೆ, ಮೇಲೆ ನನ್ನ ಹೆಸರು ತಪ್ಪಾಗಿ.
ಪಾಚಿಯನ್ನು ಯಾರೂ ಕಳಿಸಲಿಲ್ಲ.

ಹಗಲೆಲ್ಲ ನನ್ನದು ಜೀನ್ಸ್ ಒಗೆಯುವ ಯೂನಿಟ್ಟು.
ಹೊಸ ಪ್ಯಾಂಟಿನ ಮೊಣಕಾಲಿಗೆ ಉಪ್ಪುಕಾಗದ ತಿಕ್ಕಿ
ಐದು ನಿಮಿಷಕ್ಕೆ ಐದು ವರ್ಷ ಹಳತು ಮಾಡುತ್ತೇನೆ.
ರಾತ್ರಿ ಅದೇ ಕೈ, ಹಲ್ಲುಜ್ಜುವ ಹಳೇ ಬ್ರಷ್ಷು,
ಮೊಣಕೈವರೆಗೆ ಉಪ್ಪುನೀರು.
ತಿಕ್ಕಿದಷ್ಟೂ ಹಸಿರು ಹೊಸದಾಗುತ್ತದೆ.

"ತಿಕ್ಕೋದು ಬಿಡು, ಅದಕ್ಕ ಊಟ ಹಾಕೋರು ಯಾರು ನೋಡು"
ಎಂದ ಮೀನಿನಂಗಡಿ ಎರ್ರಿಸ್ವಾಮಿ, ಸಣ್ಣ ಗಾಜಿನ ಕೊಳವೆ ಕೊಟ್ಟ.
ಐದು ಎಮ್ಮೆಲ್ ನೀರು, ಆರು ಹನಿ ಮದ್ದು, ಕಾಯಬೇಕು.
ನೀಲಿಗೆ ತಿರುಗಿದರೆ ಫಾಸ್ಫೇಟು.
ಎಷ್ಟು ನೀಲಿಯೋ ಪಾಚಿಗೆ ಅಷ್ಟು ಊಟ.

ಅವನ ಬಣ್ಣದ ಚೀಟಿಯಲ್ಲಿ ಏಳೇ ನೀಲಿ.
ನನಗೆ ನಲವತ್ತು ಗೊತ್ತು.
ಕಿಟಕಿಗೆ ಹಿಡಿದೆ: ಒಂದೇ ಒಗೆತ ಕಂಡ ನೀಲಿ,
ತೊಟ್ಟವನ ತೊಡೆಗೆ ಇನ್ನೂ ಹತ್ತುವ ನೀಲಿ.

ಎಲ್ಲಿಂದ?
ಬೋರಿನ ನೀರು ಬಿಟ್ಟು ಫಿಲ್ಟರಿನದು ಹಾಕಿದ್ದೆ, ಮೀಟರು ಸೊನ್ನೆ.
ಅದಿರು ಲಾರಿ ಬಿಟ್ಟುಹೋದ ಕೆಂಧೂಳೇ ಇರಬೇಕೆಂದು
ಮುಚ್ಚಳ ಮಾಡಿಸಿದೆ, ಮುನ್ನೂರು ರೂಪಾಯಿ.
ನೀಲಿ ಜಗ್ಗಲಿಲ್ಲ.

ಒಂದು ಭಾನುವಾರ ಕಂಡೆ. ನಮ್ಮತ್ತೆ ಗಾದೆಮ್ಮ
ಚಹಾಕ್ಕೆಂದು ಒಳಗೆ ಹೋಗುವಾಗ ಒಂದು ಚಿಟಿಕೆ,
ಲೋಟ ತೊಳೆದಿಟ್ಟು ಬರುವಾಗ ಒಂದು ಚಿಟಿಕೆ.
"ನನ್ನ ಕಂಡ ಕೂಡ್ಲೆ ಬಾಯಿ ತೆಗೀತಾವಪ್ಪ,
ಹಸಿದೋರ ಮುಂದೆ ಬರಿಗೈಲಿ ಹೆಂಗ ದಾಟ್ಲಿ?"
ಮೀನು ತಿನ್ನೋದು ಅರ್ಧ, ಮಿಕ್ಕಿದ್ದು ಪಾಚಿಗೆ ಅಂದೆ.
"ಅದಕ್ಕೂ ಹೊಟ್ಟಿ ಐತಲ್ಲ" ಅಂದಳು.

ಡಬ್ಬಿ ಈಗ ಬೀರುವಿನ ಮೇಲೆ.
ಅತ್ತೆ ಮೂರು ದಿನ ನನ್ನ ಕೂಡ ಮಾತು ಬಿಟ್ಟಳು.
ಆ ಮೂರು ದಿನ ತೊಟ್ಟಿಗೂ ಕತ್ತಲೆ:
ಹೊಲಿಗೆ ಕೆಟ್ಟ ಎಂಟು ಪ್ಯಾಂಟು ಬಿಚ್ಚಿ, ಜೋಡಿಸಿ,
ನಾಲ್ಕೂ ಬದಿಗೆ ಮುಸುಕು ಹಾಕಿದ್ದೆ.
ಒಂದು ಜಿಪ್ಪು ಹಾಗೇ ಉಳಿದುಬಿಟ್ಟಿತ್ತು.
ನಡುರಾತ್ರಿ ಅತ್ತೆ ಅದನ್ನು ಬೆರಳಷ್ಟೇ ಎಳೆದು
ಒಳಗೆ ಇಣುಕುವುದು ಕಂಡು, ನಿದ್ದೆ ಬಂದವನಂತೆ ಮಗ್ಗುಲಾದೆ.

ಮುಸುಕು ತೆಗೆದಾಗ ಕೂದಲು ಬೂದಿಯಾಗಿ ಉದುರುತ್ತಿತ್ತು.
ಪೈಪಿನಿಂದ ಎಳೆದು ಬಚ್ಚಲಿಗೆ ಬಿಟ್ಟೆ.
ನಿನ್ನೆ ಕೊಳವೆಯಲ್ಲಿ ನೀಲಿ ಇಳಿದಿತ್ತು,
ತೊಟ್ಟು ತೊಟ್ಟು ಮೊಣಕಾಲಲ್ಲಿ ನೂಲು ಕಾಣುವ ನೀಲಿ.
ಪೂರ್ತಿ ಬಿಳಿಯಲ್ಲ. ಪೂರ್ತಿ ಬಿಳಿ ಮಾಡಿದರೆ
ಯೂನಿಟ್ಟಿನಲ್ಲೂ ಮಾಲು ವಾಪಸ್ಸು.

ಪಂಪಿನ ಹಿಂದೆ ಒಂದು ಕುಚ್ಚು ಹಸಿರು ಉಳಿದಿದೆ.
ಎರ್ರಿಸ್ವಾಮಿ ಕೊಟ್ಟ ಕಡಲ ಬಸವನಹುಳು ಅತ್ತ ಹೊರಟಿದೆ,
ಸಂಜೆಯಿಂದ ಒಂದು ಗೇಣು.
ಅತ್ತೆ ಕುರ್ಚಿ ಎಳೆದು ಕೂತಿದ್ದಾಳೆ,
ಅದು ಉಣ್ಣೋ ತನಕ ಏಳುವುದಿಲ್ಲವಂತೆ.